ಹೆಬ್ಬೆಟ್ಟು

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಬೆಳಗಾಗುವುದು ಗೂಡು ಬೇಯುವ ವಾಸನೆಯಿಂದ.
ಹೊಸಬರು ಮೂಗು ಮುಚ್ಚುತ್ತಾರೆ.
ನಾವು ಅದರಲ್ಲೇ ಹಲ್ಲುಜ್ಜಿದವರು.

ಅಮ್ಮ, ಮುನಿವೆಂಕಟಮ್ಮ,
ಅಮಾನ್ ಸಾಹೇಬರ ಫಿಲೇಚರಿನಲ್ಲಿ ನಾಲ್ಕನೇ ಬಾಣಲೆ.
ಸುಡುನೀರಿಗೆ ಕೈಯಿಟ್ಟು
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯುವವಳು.
ಸಂಜೆ ಬಂದರೆ ಬೆರಳೆಲ್ಲ ಬೆಳ್ಳಗೆ
ಹಿತುಕಿದ ಅವರೆಬೇಳೆಯ ಹಾಗೆ.

ಆ ಬೆರಳನ್ನು ರೇಷನ್ ಅಂಗಡಿಯ ಮಿಷನ್ನು
ಒಂದು ದಿನವೂ ಒಪ್ಪಲಿಲ್ಲ.
ಒರೆಸಿ ಒತ್ತಮ್ಮ, ಆ ಕೈ ಒತ್ತಮ್ಮ,
ತಲೇಗೆ ಉಜ್ಜಿ ಎಣ್ಣೆ ಮಾಡ್ಕೊಂಡು ಒತ್ತಮ್ಮ —
ಕದಿರಪ್ಪ ಸೋತ.
'ಮನೇಲಿ ಬೇರೆ ಯಾರೂ ಇಲ್ವಾ?'
ನಾನಿದ್ದೆ. ಹನ್ನೊಂದು ವರ್ಷ.
ನನ್ನ ಹೆಬ್ಬೆಟ್ಟಿಗೆ ಕೀಂ ಎಂದು ಹಸಿರು ಬಂತು.
ದಾರಿಯುದ್ದ ಅಮ್ಮನಿಗೆ ನಗು:
'ನಿನ್ನ ಬೆರಳಿಗಿರೋ ಬೆಲೆ ನನ್ನ ತಲೆಗಿಲ್ಲ ನೋಡೇ.'

ಮೂರು ದಿನ ಜ್ವರ.
ನಾಲ್ಕನೇ ದಿನ ಚಿಕ್ಕಬಳ್ಳಾಪುರದ ಆಸ್ಪತ್ರೆ.
ಐದನೇ ದಿನ ಅದೇ ಆಟೋ.

ತಿಥಿಯ ಊಟದ ಎಲೆ ಎತ್ತುವಾಗ
ಪಕ್ಕದ್ಮನೆ ಶಾಕಿರಾ ಆಂಟಿ ಕಿವಿಯಲ್ಲಿ ಹೇಳಿದಳು:
'ಕಾರ್ಡಲ್ಲಿ ಹೆಸರು ತೆಗೆಸಬೇಡಿ.
ಐದು ಕೆಜಿ ಹೋಗುತ್ತೆ.'

ಹೀಗೆ ಅಮ್ಮ
ಸತ್ತ ಮೇಲೂ ಹದಿನಾಲ್ಕು ತಿಂಗಳು ಅಕ್ಕಿ ತಂದಳು.

ಚೀಲ ಬಿಚ್ಚಿದಾಗೆಲ್ಲ ತಮ್ಮ ಚಲಪತಿ
'ಇದ್ರಲ್ಲಿ ಅಮ್ಮಂದು ಯಾವ್ದು?'
ಪಾವಿನಲ್ಲಿ ಅಳೆದು ಬೇರೆ ಡಬ್ಬಕ್ಕೆ ಸುರಿದು
ಇದು, ಅನ್ನುತ್ತಿದ್ದೆ.
ಅದನ್ನು ತಿಂಗಳ ಕೊನೆಗೆ ಬೇಯಿಸುವುದು.
ಅಮ್ಮನ ಅಕ್ಕೀಲೇ ಕಲ್ಲು ಜಾಸ್ತಿ, ಎಂದು ಅವನು ಉಗಿದ ದಿನ
ಬೆನ್ನಿಗೊಂದು ಬಿಟ್ಟೆ.
ಆಮೇಲೆ ಇಬ್ಬರೂ ಉಂಡೆವು.
ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಬಂದ ಅಪ್ಪ
ಕಲ್ಲನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ.
ಒಂದು ಮಾತಿಲ್ಲ.

ಸಾಹೇಬರು ಕೆಟ್ಟವರಲ್ಲ.
ಅಮ್ಮ ಪಡೆದ ಮುಂಗಡದ ಮಾತೇ ಎತ್ತಲಿಲ್ಲ.
ನಾಲ್ಕನೇ ಬಾಣಲೆ ಖಾಲಿ ಇದೆ ಎಂದರು,
ಅಷ್ಟೆ.

ಏಳನೇ ಕ್ಲಾಸಿನ ಹಾಜರಿಯಲ್ಲಿ ನನ್ನ ಹೆಸರ ಮುಂದೆ
ಸೊನ್ನೆಗಳು, ಗೂಡು ಹಾಸಿದ ಹಾಗೆ.
ಮೊದಲ ಸಲ ಎಳೆಯ ತುದಿ ಬೆರಳಿಗೆ ಸಿಕ್ಕಾಗ
ಖುಷಿಯಾಯಿತು.
ಹೇಳಲು ಈಗಲೂ ನಾಚಿಕೆ.

ಹದಿನಾಲ್ಕನೇ ತಿಂಗಳು
ನನ್ನ ಹೆಬ್ಬೆಟ್ಟಿಗೆ ಮಿಷನ್ನು ಕೆಂಪಾಯಿತು.
ಒರೆಸಿ ಒತ್ತಿದೆ. ತಲೆಗೆ ಉಜ್ಜಿ ಒತ್ತಿದೆ.
ಕದಿರಪ್ಪ ನನ್ನ ಕೈ ತಿರುಗಿಸಿ ನೋಡಿದ,
ಬಿಟ್ಟ,
ಹಿಂದೆ ನಿಂತವರಿಗೆ ಸ್ವಲ್ಪ ತಡೀರಿ ಅಂದ.
'ಆ ಹುಡುಗಂದು ಸೇರಿಸ್ಕೊಂಡು ಬಾ, ಹೋಗು.'

ಕಂಪ್ಯೂಟರಿನವನಿಗೆ ಕಾರ್ಡಿನಲ್ಲಿರುವವರೆಲ್ಲ ಬೇಕು.
'ಮುನಿವೆಂಕಟಮ್ಮ ಎಲ್ಲಿ?'
ನಾನು ಬಾಯಿ ತೆರೆಯುವಷ್ಟರಲ್ಲಿ ಚಲಪತಿ,
ಸ್ಕೂಲಲ್ಲಿ ಉತ್ತರ ಗೊತ್ತಿದ್ದಾಗ ಕೈಯೆತ್ತುವ ಹಾಗೆ ಕೈಯೆತ್ತಿ,
'ಅಮ್ಮ ಸತ್ತೋದ್ಲು.'
ಎಲ್ಲ ಕಲಿಸಿದ್ದೆ ಅವನಿಗೆ. ಗುಂಡಿ ಹಾಕಲು, ಒಲೆ ಊದಲು.
ಇದೊಂದು ಸುಳ್ಳು ಕಲಿಸಿರಲಿಲ್ಲ.

ಮಾವಿನಕಾಯಿ ಸೊನೆ ಅಂಟಿದ ಅವನ ಹೆಬ್ಬೆಟ್ಟಿಗೆ
ಕೀಂ. ಹಸಿರು.
ಅಕ್ಕಿ ಐದು ಕೆಜಿ ಕಮ್ಮಿ.
ಅಮ್ಮನ ಮಾತೇ ನಾಲಿಗೆ ತುದಿಗೆ ಬಂತು.
ನಗು ಬರಲಿಲ್ಲ, ಅದಕ್ಕೇ ಆಡಲಿಲ್ಲ.
ಮನೆಗೆ ಬಂದು ಆ ಡಬ್ಬ ತೊಳೆದು
ಬೋರಲು ಹಾಕಿದೆ.

ಚಲಪತಿಗೀಗ ಒಂಬತ್ತನೇ ಕ್ಲಾಸು. ಮೀಸೆ ಚಿಗುರುತ್ತಿದೆ.
ರಜೆಗೆ ನಾನೂ ಬರ್ತೀನಿ ಫಿಲೇಚರಿಗೆ, ಅನ್ನುತ್ತಾನೆ.
ರಾತ್ರಿ ಅವನ ಕೈ ಎಳೆದು ಬಲ್ಬಿನಡಿ ಹಿಡಿಯುತ್ತೇನೆ.
ಗೆರೆಗಳೆಲ್ಲ ಇವೆ,
ಸುತ್ತಿ ಸುತ್ತಿ, ಬೇಯದ ಗೂಡಿನ ಹಾಗೆ,
ತುದಿ ಯಾರಿಗೂ ಸಿಗದ ಹಾಗೆ.

'ಏನಕ್ಕಯ್ಯಾ, ಭವಿಷ್ಯ ನೋಡ್ತೀಯಾ?'
'ಅಕ್ಕಿ ನೋಡ್ತಿದೀನಿ ಸುಮ್ನಿರೋ.'